ಟಿಕೆಟ್‌ನಲ್ಲಿ ಎರಡು ಊರಿನ ಗಡಿಯಾರ ಇರುತ್ತದೆ

ಕೆಲವು ವರ್ಷದ ಹಿಂದೆ, ಜನವರಿಯಲ್ಲಿ, ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯ ಜೊತೆ ನಮ್ಮ ಆಫೀಸಿಗೆ ಬಂದರು. ಮಗಳ ಬಾಣಂತನಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟವರು, ಡೈರೆಕ್ಟ್ ಫ್ಲೈಟು. ಟಿಕೆಟ್‌ನ ಅಂಚಿನಲ್ಲಿ ಪೆನ್ಸಿಲ್‌ನಿಂದ ಲೆಕ್ಕ ಹಾಕಿ ಎರಡೆರಡು ಗೆರೆ ಎಳೆದಿದ್ದರು. ಹೋಗೋಕೆ ಮೂರೂವರೆ ಗಂಟೆ, ಬರೋಕೆ ಮೂವತ್ತೊಂದು ಗಂಟೆ! "ಸಾರ್, ಟಿಕೆಟ್ ತಪ್ಪಾಗಿದೆ, ಸರಿ ಮಾಡಿಸಿಕೊಡಿ" ಅಂದರು.

ಟಿಕೆಟ್ ಸರಿಯಾಗೇ ಇತ್ತು. ಇದನ್ನು ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ: ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯಬೇಡಿ. ಮೊದಲು ಎರಡನ್ನೂ ಒಂದೇ ಊರಿನ ಗಡಿಯಾರಕ್ಕೆ ತನ್ನಿ.

ಮೇಷ್ಟ್ರ ಟಿಕೆಟ್ಟನ್ನೇ ನೋಡಿ. ಮಂಗಳವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಡುವುದು, ಅವತ್ತೇ ಸಂಜೆ 5.30ಕ್ಕೆ ಅಲ್ಲಿ ಇಳಿಯುವುದು. ಚಳಿಗಾಲದಲ್ಲಿ ಅವರು ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಇಲ್ಲಿ ಮಧ್ಯಾಹ್ನ 2 ಅಂದರೆ ಅಲ್ಲಿ ಮಂಗಳವಾರ ಆಗಷ್ಟೇ ಹುಟ್ಟಿದೆ, ರಾತ್ರಿ 12.30. ಅಲ್ಲಿಂದ ಸಂಜೆ 5.30ರವರೆಗೆ ಎಣಿಸಿ. 17 ಗಂಟೆ ಆಯಿತಲ್ವಾ? ಬರುವಾಗ ಅಲ್ಲಿ ಮಂಗಳವಾರ ರಾತ್ರಿ 9ಕ್ಕೆ ಹೊರಟರೆ ಇಲ್ಲಿ ಆಗಲೇ ಬುಧವಾರ ಬೆಳಿಗ್ಗೆ 10.30. ಇಲ್ಲಿ ಇಳಿಯುವುದು ಗುರುವಾರ ಬೆಳಗಿನ ಜಾವ 4ಕ್ಕೆ, ಅಂದರೆ ಹದಿನೇಳೂವರೆ ಗಂಟೆ. ಮೂವತ್ತೊಂದಲ್ಲ.

ಈ ಹದಿಮೂರೂವರೆಯನ್ನೇ ಬಾಯಿಪಾಠ ಮಾಡಿಕೊಳ್ಳಬೇಡಿ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ನಡುವಿನ ತಿಂಗಳುಗಳಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ.

ಇನ್ನು ಕೆಲವರು ದೂರವನ್ನು ವೇಗದಿಂದ ಭಾಗಿಸುತ್ತಾರೆ. ಸುಮಾರು 14,000 ಕಿ.ಮೀ., ಗಂಟೆಗೆ 900. ಅಂದಾಜಿಗೆ ಸಾಕು, ಅದರಾಚೆಗೆ ನಂಬಬೇಡಿ. ಗಾಳಿ ನೋಡಿಕೊಂಡು ದಾರಿ ಬದಲಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೇ ಹಾರಿಸಿಕೊಂಡು ಬಂದರು. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟರೆ ಆ ದಾರಿ ಸಿಗುವುದಿಲ್ಲ.

ಸುಮ್ನೆ ಲೆಕ್ಕದ ಚಟಕ್ಕೆ ಇಷ್ಟು ಹೇಳುತ್ತಿಲ್ಲ. ಮೇಷ್ಟ್ರು ಪೆನ್ಸಿಲ್ ಹಿಡಿದು ಮತ್ತೆ ಎಣಿಸುತ್ತಿದ್ದಾಗ, ಅಷ್ಟು ಹೊತ್ತೂ ಮಾತಾಡದ ಅವರ ಹೆಂಡತಿ ಚೀಲದಿಂದ ಮಾತ್ರೆ ಡಬ್ಬಿ ತೆಗೆದರು. ಸಕ್ಕರೆ ಕಾಯಿಲೆ ಅವರಿಗೆ. "ಹಾಗಾದ್ರೆ ಮಂಗಳವಾರ ರಾತ್ರಿ ಮಾತ್ರೆ ಯಾವ ಊರಿನ ರಾತ್ರಿಗೆ ತಗೊಳ್ಳಲಿ?" ಅಂತ ಕೇಳಿದರು.

ಅದನ್ನು ನಾನು ಹೇಳುವ ಹಾಗಿಲ್ಲ, ಡಾಕ್ಟರೇ ಹೇಳಬೇಕು. ಒಂದು ಚೀಟಿಯಲ್ಲಿ ಹೊರಡುವ ಹೊತ್ತು, ಇಳಿಯುವ ಹೊತ್ತು, ಎರಡನ್ನೂ ಬೆಂಗಳೂರಿನ ಗಂಟೆಯಲ್ಲಿ ಬರೆದೆ. ಕೆಳಗೆ ದೊಡ್ಡದಾಗಿ 17 ಅಂತ ಬರೆದು, ಇದನ್ನೇ ಡಾಕ್ಟರಿಗೆ ತೋರಿಸಿ ಅಮ್ಮಾ ಅಂದೆ.