ಸೈನಸ್: ಇಲ್ಲದವರು ಯಾರು?

ಸೈನಸ್ ಎಲ್ಲರಿಗೂ ಇದೆ. ನಿಮಗೂ ಇದೆ, ನನಗೂ ಇದೆ, ಕೊಟ್ಟಿಗೆಯ ಎಮ್ಮೆಗೂ ಇದೆ. ಹಾಗಾಗಿ ಯಾರಾದರೂ "ನಂಗೆ ಸೈನಸ್ ಇದೆ ಮಾರಾಯ್ರೆ" ಎಂದರೆ ಅದು "ನಂಗೆ ಮೂಗಿದೆ" ಎಂದಷ್ಟೇ ಹೊಸ ಸುದ್ದಿ. ಇಷ್ಟು ದಿನ ಕೇಳಿ ಸುಮ್ಮನಿದ್ದೆ. ಮೊನ್ನೆ ತೀರ್ಥಹಳ್ಳಿ ಕಡೆಯ ಒಂದು ಮದುವೆಮನೆಯಲ್ಲಿ ನೆಂಟರ ಪೈಕಿ ಒಬ್ಬ ಹೆಂಗಸು ಕತ್ತಲೆ ಕೋಣೆಯಲ್ಲಿ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದರು. ಓಲಗದ ಸದ್ದು ಬೇಡ, ಲೈಟು ಬೇಡ, ಒಗ್ಗರಣೆ ವಾಸನೆಯೂ ಬೇಡ. ಅಷ್ಟರಲ್ಲಿ ಎರಡು ಸಲ ವಾಂತಿ ಆಗಿತ್ತು. ವಿಚಾರಿಸಲು ಬಂದವರಿಗೆಲ್ಲ ಮನೆಯವರು ಹೇಳಿದ್ದು ಒಂದೇ: "ಅವಳಿಗೆ ಸೈನಸ್." ಬಂದವರೂ "ಓ, ಸೈನಸ್ಸಾ" ಎಂದು ತಲೆಯಾಡಿಸಿ ಪಂಕ್ತಿಗೆ ಹೋದರು. ಇನ್ನೊಂದು ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಈ ಪದದ ಮೇಲೆ ನನ್ನ ಸಿಟ್ಟು ಇದಕ್ಕೇ. ಅದು ಬಾಯಿಗೆ ಬಂದರೆ ವಿಚಾರಣೆ ಮುಗಿದ ಹಾಗೆ.

ಪದದ ಹುಟ್ಟು ಮಾತ್ರ ಬಹಳ ಚೆನ್ನಾಗಿದೆ. ಲ್ಯಾಟಿನ್ನಿನಲ್ಲಿ ಸೈನಸ್ ಎಂದರೆ ಬಾಗು, ಮಡಿಕೆ, ಮಡಿಲು, ಸಮುದ್ರದ ಕೊಲ್ಲಿ. ಒಳಕ್ಕೆ ಬಾಗಿ ಜಾಗ ಮಾಡಿಕೊಂಡ ಯಾವುದಕ್ಕಾದರೂ ಸಲ್ಲುವ ಮಾತು. ದೇಹದ ರಚನೆ ಬರೆದಿಟ್ಟ ಯುರೋಪಿನ ವೈದ್ಯರು ಮೂಳೆಯೊಳಗಿನ ಪೊಳ್ಳು ಜಾಗಗಳಿಗೆ ಇದೇ ಹೆಸರಿಟ್ಟರು. ಅದರಲ್ಲಿ ಕಾಯಿಲೆಯ ಸುಳಿವೇ ಇಲ್ಲ.

ಪಿಯುಸಿಯಲ್ಲಿ ಓದಿದ ಸೈನ್, ಕಾಸ್ ನೆನಪಿದೆ ಅಲ್ವಾ? ಆ ಸೈನ್ ಕೂಡ ಇದೇ ಪದ. ಅದು ಗಣಿತಕ್ಕೆ ಹೋದ ದಾರಿ ಇನ್ನೂ ಮಜವಾಗಿದೆ. ನಮ್ಮ ಹಳೆಯ ಗಣಿತಜ್ಞರು ವೃತ್ತದ ಒಂದು ತುಂಡನ್ನು ಬಿಲ್ಲು ಎಂದುಕೊಂಡು, ಅದರ ಎರಡು ತುದಿ ಸೇರಿಸುವ ಗೆರೆಯನ್ನು ಜ್ಯಾ ಎಂದು ಕರೆದರು. ಅಂದರೆ ಬಿಲ್ಲಿನ ಹೆದೆ. ಲೆಕ್ಕಕ್ಕೆ ಬೇಕಾಗಿದ್ದು ಅದರ ಅರ್ಧ, ಅರ್ಧಜ್ಯಾ. ಆರ್ಯಭಟನ ಸೈನ್ ಕೋಷ್ಟಕ ಇದರದ್ದೇ. ಬರುಬರುತ್ತಾ 'ಅರ್ಧ' ಬಿದ್ದುಹೋಗಿ ಜ್ಯಾ, ಜೀವಾ ಎಂದಷ್ಟೇ ಉಳಿಯಿತು. ಅರಬ್ಬರು ನಮ್ಮ ಲೆಕ್ಕ ಕಲಿತಾಗ ಜೀವಾವನ್ನು 'ಜೀಬ' ಎಂದು ಬರೆದುಕೊಂಡರು. ಅರಬ್ಬಿ ಬರಹದಲ್ಲಿ ಸ್ವರಗಳನ್ನೆಲ್ಲ ಬಿಡಿಸಿ ಬರೆಯುವ ರೂಢಿ ಇಲ್ಲ. ಅವೇ ಅಕ್ಷರಗಳನ್ನು 'ಜೈಬ್' ಎಂದೂ ಓದಬಹುದು. ಜೈಬ್ ಎಂದರೆ ಅಂಗಿಯ ಎದೆಯ ಹತ್ತಿರದ ಮಡಿಕೆ. 12ನೇ ಶತಮಾನದಲ್ಲಿ ಅರಬ್ಬಿ ಪುಸ್ತಕಗಳನ್ನು ಲ್ಯಾಟಿನ್ನಿಗೆ ತಂದವರು ಹಾಗೇ ಓದಿದರು, ಅದಕ್ಕೆ ಸರಿಯಾದ ತಮ್ಮ ಪದ ಹಾಕಿದರು: ಸೈನಸ್. ಹೆದೆ ಹೋಗಿ ಮಡಿಕೆ ಬಂತು.

ಅದೇ ಜೈಬ್ ಇನ್ನೊಂದು ದಾರಿಯಲ್ಲಿ ಪಾರ್ಸಿ, ಉರ್ದು ದಾಟಿ ನಮ್ಮ ಅಂಗಿಗೂ ಬಂದು ಕೂತಿದೆ. ಜೇಬು! ಮಲೆನಾಡಿನಲ್ಲಿ ಕಿಸೆ ಅನ್ನುವವರೂ ಇದ್ದಾರೆ, ಆದರೆ ಜೇಬು ಗೊತ್ತಿಲ್ಲದವರಿಲ್ಲ. ಸೈನಸ್‌ಗೆ ಕನ್ನಡ ಪದ ಬೇಕು ಅಂದರೆ ನನ್ನ ಓಟು ಇದಕ್ಕೇ. ಒಂದು ಲಾಭವೂ ಇದೆ. "ನಂಗೆ ಜೇಬಿದೆ, ಮಾತ್ರೆ ಕೊಡಿ" ಎಂದು ಮೆಡಿಕಲ್ ಶಾಪಿನಲ್ಲಿ ಯಾರೂ ಕೇಳಲಾರರು.

ಇಸಿಜಿ ಚೀಟಿಯಲ್ಲಿ 'ನಾರ್ಮಲ್ ಸೈನಸ್ ರಿದಮ್' ಎಂದು ಬರೆದಿದ್ದು ನೋಡಿ, ಸೈನಸ್ ಎದೆಗೆ ಇಳಿಯಿತು ಎಂದು ಗಾಬರಿ ಆಗುವವರೂ ಇದ್ದಾರೆ. ಅಲ್ಲಿ ಸೈನಸ್ ಅಂದರೆ ಹೃದಯದ ಬಡಿತ ಶುರುವಾಗುವ ಜಾಗ. ಬಡಿತ ಹುಟ್ಟಬೇಕಾದಲ್ಲೇ ಹುಟ್ಟುತ್ತಿದೆ ಎಂದು ಆ ಚೀಟಿ ಹೇಳುತ್ತಿದೆ. ಖುಷಿಪಡಿ.

ಮುಖದ ಜೇಬುಗಳಿಗೆ ಬರೋಣ. ನಾಲ್ಕು ಜೋಡಿ ಇವೆ: ಕೆನ್ನೆಯಲ್ಲಿ, ಹಣೆಯಲ್ಲಿ, ಎರಡು ಕಣ್ಣುಗಳ ನಡುವೆ, ಮತ್ತೆ ಮೂಗಿನ ಹಿಂದೆ ಆಳದಲ್ಲಿ. ಎಲ್ಲದರ ಬಾಯಿಯೂ ಮೂಗಿನೊಳಕ್ಕೆ ತೆರೆಯುತ್ತದೆ. ಒಳಗಿನ ಪೊರೆಯಲ್ಲಿ ಲೋಳೆ ಹುಟ್ಟುತ್ತದೆ, ಕಣ್ಣಿಗೆ ಕಾಣದ ರೋಮಗಳು ಅದನ್ನು ಹೊರಗೆ ತಳ್ಳುತ್ತವೆ. ಕೆನ್ನೆಯ ಜೇಬಿನದ್ದು ಮಾತ್ರ ವಿಚಿತ್ರ ಕಟ್ಟಡ. ತಳದಲ್ಲಿ ತೂಬಿಲ್ಲದೆ ಏರಿಯ ನೆತ್ತಿಯ ಹತ್ತಿರ ತೂಬಿಟ್ಟ ಕೆರೆಯ ಹಾಗೆ, ಅದರ ಬಾಯಿ ಇರುವುದು ಮೇಲ್ಗಡೆ. ಶೀತವಾಗಿ ಪೊರೆ ಊದಿಕೊಂಡರೆ ಬಾಯಿ ಕಟ್ಟುತ್ತದೆ, ಲೋಳೆ ನಿಲ್ಲುತ್ತದೆ, ಸೋಂಕು ಹತ್ತಬಹುದು. ಈ ಕಾಯಿಲೆಯ ಹೆಸರು ಸೈನಸೈಟಿಸ್. ಬಾಲದ 'ಐಟಿಸ್' ಎಂದರೆ ಉರಿಯೂತ.

ಬಾಲ ಕತ್ತರಿಸಿ ಹೇಳುವುದು ನಮ್ಮ ರೂಢಿ, ಗೊತ್ತು. ಬಿಪಿ ಇದೆ, ಶುಗರ್ ಇದೆ, ಥೈರಾಯ್ಡ್ ಇದೆ ಅನ್ನುತ್ತೇವೆ. ಅದಕ್ಕೆ ನನ್ನ ತಕರಾರಿಲ್ಲ. ಶುಗರ್ ಇದೆ ಎಂದವರೂ ಕೇಳಿಸಿಕೊಂಡ ಡಾಕ್ಟರೂ ಒಂದೇ ಕಾಯಿಲೆಯ ಮಾತಾಡುತ್ತಿರುತ್ತಾರೆ. ರಕ್ತ ಪರೀಕ್ಷೆ ಆದ ಮೇಲೇ ಆ ಹೆಸರು ಬಂದಿರುತ್ತದೆ. ಸೈನಸ್ ವಿಷಯದಲ್ಲಿ ಪರೀಕ್ಷೆ ಮಾಡಿದವರು ಹೆಚ್ಚಾಗಿ ಪಕ್ಕದ ಮನೆಯವರು.

ಆ ಮದುವೆಮನೆಯ ಹೆಂಗಸಿನ ಲಕ್ಷಣಗಳನ್ನು ಇನ್ನೊಮ್ಮೆ ನೋಡಿ. ಬೆಳಕು ಆಗದು, ಸದ್ದು ಆಗದು, ವಾಸನೆ ಆಗದು, ವಾಂತಿ. ಮೂಗು ಕಟ್ಟಿರಲಿಲ್ಲ, ಜ್ವರವೂ ಇರಲಿಲ್ಲ. ಯಾವ ಪಠ್ಯಪುಸ್ತಕ ತೆಗೆದರೂ ಇದು ಮೈಗ್ರೇನ್‌ನ ವರ್ಣನೆ. ಇಂಥ ಗೊಂದಲ ನಮ್ಮ ಊರಿನದ್ದೇ ಏನಲ್ಲ. ಅಮೆರಿಕದಲ್ಲಿ, ತಮಗಿರುವುದು ಸೈನಸ್ ತಲೆನೋವು ಎಂದು ನಂಬಿದ್ದ ಅಥವಾ ಡಾಕ್ಟರಿಂದ ಹಾಗೆ ಹೇಳಿಸಿಕೊಂಡಿದ್ದ 2,991 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ 88 ಶೇಕಡಾ ಜನರ ನೋವು ಮೈಗ್ರೇನ್ ಜಾತಿಯದ್ದಾಗಿತ್ತು. ಇನ್ನು ಮೈಗ್ರೇನ್ ಅಪರೂಪದ್ದೂ ಅಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಬಂದ ವಯಸ್ಕರು ಸುಮಾರು ನಾಲ್ವರಲ್ಲಿ ಒಬ್ಬರಿದ್ದರು.

"ಆದ್ರೆ ನಂಗೆ ತಲೆನೋವು ಬಂದಾಗ ಮೂಗು ಸೋರ್ತದಲ್ಲ" ಎಂದು ವಾದಿಸುವವರಿದ್ದಾರೆ. ಸೋರುತ್ತದೆ, ಮೈಗ್ರೇನ್‌ನಲ್ಲೂ ಸೋರುತ್ತದೆ. ಹಣೆ, ಕಣ್ಣು, ಕೆನ್ನೆಯ ನೋವನ್ನು ಮಿದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ಎಂಬ ಒಂದೇ ನರ. ಮೈಗ್ರೇನ್‌ನಲ್ಲಿ ಅದು ಕೆರಳುತ್ತದೆ. ಅದರ ಜೊತೆ ಕಣ್ಣೀರು, ಮೂಗಿನ ನೀರು ಬರಿಸುವ ನರಗಳೂ ಎಚ್ಚರಾಗುತ್ತವೆ. ಹಾಗಾಗಿ ನೋವು ಕೆನ್ನೆಯಲ್ಲಿ, ಕಣ್ಣಲ್ಲಿ ನೀರು, ಮೂಗು ಕಟ್ಟಿದ ಹಾಗೆ. ಆಗ ಸೋರುವುದು ತಿಳಿನೀರು, ಕೀವಲ್ಲ. "ಮೋಡ ಹಾಕಿದ್ರೆ ಬರ್ತದೆ, ಸೈನಸ್ಸೇ ಇರ್ಬೇಕು" ಅನ್ನುವುದು ಇನ್ನೊಂದು ವಾದ. ಹೊಸನಗರ, ಆಗುಂಬೆ ಕಡೆ ಮೋಡ ಹಾಕದ ದಿನ ಮಳೆಗಾಲದಲ್ಲಿ ಎಲ್ಲಿದೆ? ಹವೆ ಬದಲಾದರೆ ನೋವು ಏಳುತ್ತದೆ ಎಂದು ಮೈಗ್ರೇನ್ ಇರುವ ಬಹಳ ಜನ ಹೇಳುತ್ತಾರೆ.

ನಮ್ಮ ಅಜ್ಜಿಯಂದಿರ ಬಾಯಲ್ಲಿ ಈ ಸೈನಸ್ ಇರಲಿಲ್ಲ. ಅವರು 'ಅರೆತಲೆನೋವು' ಅನ್ನುತ್ತಿದ್ದರು, ಇಲ್ಲವೇ 'ಪಿತ್ತದ ತಲೆನೋವು'. ಪಿತ್ತದ ಸಿದ್ಧಾಂತ ಹೇಗಾದರೂ ಇರಲಿ, ಆ ಹೆಸರು ಇಟ್ಟವರು ರೋಗಿಯನ್ನು ಸರಿಯಾಗಿ ನೋಡಿದ್ದರು. ಉಪವಾಸ ಮಾಡಿದರೆ ಬರುತ್ತದೆ, ಬಿಸಿಲಲ್ಲಿ ತಿರುಗಿದರೆ ಬರುತ್ತದೆ, ಹೊಟ್ಟೆ ತೊಳಸುತ್ತದೆ, ವಾಂತಿಯಾದ ಮೇಲೆ ಕೆಲವರಿಗೆ ಹಗುರಾಗುತ್ತದೆ. ಇಷ್ಟೂ ಮೈಗ್ರೇನ್‌ನ ಗುಣ. ಅರೆತಲೆನೋವು ಇನ್ನೂ ನೇರ. ಗ್ರೀಕಿನ 'ಹೆಮಿಕ್ರೇನಿಯ' ಎಂದರೆ ಅರ್ಧ ತಲೆಬುರುಡೆ, ಅದು ಫ್ರೆಂಚರ ಬಾಯಲ್ಲಿ ಸವೆದು ಮೈಗ್ರೇನ್ ಆಯಿತು. ಸುಶ್ರುತ ಸಂಹಿತೆ ಹನ್ನೊಂದು ಬಗೆಯ ತಲೆಯ ಬೇನೆ ಹೇಳುತ್ತದೆ. ಅದರಲ್ಲಿ ಅರ್ಧ ತಲೆ ಸೀಳುವ ಅರ್ಧಾವಭೇದಕ ಬೇರೆ, ಸೂರ್ಯ ಏರಿದಂತೆ ಏರಿ ಇಳಿದಂತೆ ಇಳಿಯುವ ಸೂರ್ಯಾವರ್ತ ಬೇರೆ. ಹಣೆಯ ಸೈನಸೈಟಿಸ್ ನೋವು ಬೆಳಿಗ್ಗೆ ಶುರುವಾಗಿ ಮಧ್ಯಾಹ್ನಕ್ಕೆ ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ ಎಂದು ಇಂದಿನ ಕಿವಿ-ಮೂಗು-ಗಂಟಲಿನ ಪುಸ್ತಕಗಳೂ ಬರೆಯುತ್ತವೆ. ಅಷ್ಟು ಹಿಂದೆಯೇ ಬೇರೆ ಮಾಡಿಟ್ಟದ್ದನ್ನು ನಾವು ಈಗ ಒಂದೇ ಚೀಲಕ್ಕೆ ತುಂಬಿದ್ದೇವೆ. ಒಂದು ಎಚ್ಚರ ಬೇಕು: ಅರೆ ಎಂದ ಮಾತ್ರಕ್ಕೆ ಅರ್ಧವೇ ನೋಯಬೇಕೆಂದಿಲ್ಲ. ಮೈಗ್ರೇನ್ ಎರಡೂ ಕಡೆ ಬರಬಹುದು.

ನಿಜವಾದ ಸೈನಸೈಟಿಸ್ ಗುರುತು ಸುಲಭ. ಶೀತದ ಬೆನ್ನಿಗೇ ಬರುತ್ತದೆ. ಮೂಗು ಕಟ್ಟಿರುತ್ತದೆ, ದಪ್ಪ ಹಳದಿ-ಹಸಿರು ಸಿಂಬಳ, ವಾಸನೆ ತಿಳಿಯದು, ಕೆನ್ನೆ ಭಾರ, ಕೆಲವರಿಗೆ ಮೇಲಿನ ಹಲ್ಲುನೋವು, ಜ್ವರ. ಹೆಚ್ಚಿನದು ವೈರಸ್ಸಿನದ್ದು, ತಾನಾಗಿ ವಾಸಿಯಾಗುತ್ತದೆ. ಹತ್ತು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಬ್ಯಾಕ್ಟೀರಿಯಾ ಇರಬಹುದು ಎಂದು ಡಾಕ್ಟರು ಯೋಚಿಸುತ್ತಾರೆ. ಮೈಗ್ರೇನ್‌ಗಾದರೆ ಮೂರು ಪ್ರಶ್ನೆ ಸಾಕು. ತಲೆನೋವಿನ ಜೊತೆ ಹೊಟ್ಟೆ ತೊಳಸುತ್ತದಾ? ಬೆಳಕು ಆಗುವುದಿಲ್ಲವಾ? ಕಳೆದ ಮೂರು ತಿಂಗಳಲ್ಲಿ ಒಂದು ದಿನವಾದರೂ ಕೆಲಸ ಕೆಡಿಸಿತಾ? ಎರಡಕ್ಕೆ ಹೌದು ಎಂದರೆ ಮೈಗ್ರೇನ್ ಇರುವ ಸಾಧ್ಯತೆ ಬಹಳ ಜಾಸ್ತಿ. ಮಕ್ಕಳಿಗೂ ಬರುತ್ತದೆ. ಹುಲಿಕಲ್ ಘಾಟಿ ಇಳಿಯುವಾಗ ಬಸ್ಸಿನಲ್ಲಿ ವಾಂತಿ ಮಾಡುವ ಮಗು ಆಗಾಗ ತಲೆನೋವು ಅಂದರೆ ಶಾಲೆ ತಪ್ಪಿಸುವ ನೆಪ ಎಂದು ಬೈಯಬೇಡಿ, ಅದು ಮೈಗ್ರೇನ್ ಇರಬಹುದು.

ಸ್ಕ್ಯಾನ್ ಮಾಡಿಸಿದ್ದೇವೆ, 'ಸೈನಸ್ ದಪ್ಪ ಆಗಿದೆ' ಎಂದು ಬಂದಿದೆ ಅನ್ನುತ್ತೀರಾ? ಪೊರೆ ಸ್ವಲ್ಪ ದಪ್ಪ ಇರುವುದು, ಮೂಗಿನ ನಡುಗೋಡೆ ಸ್ವಲ್ಪ ಸೊಟ್ಟ ಇರುವುದು ಏನೂ ತೊಂದರೆ ಇಲ್ಲದವರಲ್ಲೂ ಧಾರಾಳವಾಗಿ ಸಿಗುತ್ತದೆ. ಸ್ಕ್ಯಾನಿನಲ್ಲಿ ಕಂಡಿದ್ದೇ ನೋವಿಗೆ ಕಾರಣ ಅಂತಲ್ಲ.

ತಪ್ಪು ಹೆಸರಿನಿಂದ ಆಗುವ ನಷ್ಟ ಸಣ್ಣದಲ್ಲ. ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ನುಂಗುತ್ತಾರೆ. ಮೂಗು ಬಿಡಿಸುವ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕುತ್ತಾರೆ. ಅದನ್ನು ನಾಲ್ಕೈದು ದಿನಕ್ಕಿಂತ ಜಾಸ್ತಿ ಹಾಕಿದರೆ ಆ ಡ್ರಾಪ್ಸಿನಿಂದಲೇ ಮೂಗು ಕಟ್ಟಲು ಶುರುವಾಗಬಹುದು. ನೋವಿನ ಮಾತ್ರೆಯದ್ದೂ ಇದೇ ಕತೆ. ಪ್ಯಾರಸಿಟಮಾಲ್‌ನಂಥ ಸಾದಾ ಮಾತ್ರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಬೆರೆತ ಮಾತ್ರೆ ತಿಂಗಳಿಗೆ 10 ದಿನ, ಹೀಗೆ ಮೂರು ತಿಂಗಳು ದಾಟಿತೆಂದರೆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ಆಮೇಲೆ "ನನ್ನ ಸೈನಸ್ ಈಗ ದಿನಾ ಬರ್ತದೆ" ಎಂದು ಹೇಳುವುದು.

ಮೈಗ್ರೇನ್ ಎಂದು ತಿಳಿದರೆ ಮಾಡುವುದಕ್ಕೆ ಬೇಕಾದಷ್ಟಿದೆ. ನೋವು ಏರುವ ಮೊದಲೇ ಸರಿಯಾದ ಪ್ರಮಾಣದ ಮಾತ್ರೆ, ಕತ್ತಲೆ, ನಿದ್ದೆ. ಪದೇ ಪದೇ ಬರುವವರಿಗೆ ಬಾರದಂತೆ ತಡೆಯುವ ಔಷಧಿಗಳಿವೆ. ಅದರಲ್ಲಿ ಪ್ರೊಪ್ರನೊಲಾಲ್ ಬಿಪಿಗೂ ಕೊಡುವ ಮಾತ್ರೆ. "ನಂಗೆ ಬಿಪಿ ಇಲ್ಲ, ಇದ್ಯಾಕೆ" ಎಂದು ಅರ್ಧಕ್ಕೆ ಬಿಡಬೇಡಿ. ಅಸ್ತಮಾ ಇದ್ದರೆ ಮಾತ್ರ ಮೊದಲೇ ಹೇಳಿ, ಅದು ಆಗುವುದಿಲ್ಲ. ಶುಂಠಿ ತೇದು ಹಚ್ಚುವುದು, ಜೀರಿಗೆ ಕಷಾಯ ಎಲ್ಲ ಇರಲಿ, ನನ್ನ ವಿರೋಧವಿಲ್ಲ. ಕುದಿಯುವ ಪಾತ್ರೆ ಇಟ್ಟು ಮಕ್ಕಳಿಗೆ ಹಬೆ ಹಿಡಿಸುವುದಕ್ಕೆ ಇದೆ. ಸುಟ್ಟುಕೊಳ್ಳುತ್ತವೆ.

ಕಾರಣ ಹುಡುಕಲು ಅಡುಗೆಮನೆಯ ತೂಗು ಕ್ಯಾಲೆಂಡರ್ ಸಾಕು, ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದೇ. ನೋವು ಬಂದ ದಿನ, ಶುರುವಾದ ಹೊತ್ತು, ನುಂಗಿದ ಮಾತ್ರೆ ಗುರುತು ಹಾಕಿ. ಪಕ್ಕದಲ್ಲಿ ಹಿಂದಿನ ರಾತ್ರಿಯ ನಿದ್ದೆ, ತಪ್ಪಿದ ತಿಂಡಿ, ಮುಟ್ಟಿನ ದಿನ, ಬಿಟ್ಟುಹೋದ ಕಾಫಿ. ಎರಡು ಮೂರು ತಿಂಗಳಲ್ಲಿ ಏನಾದರೂ ಹೊಳೆಯುತ್ತದೆ. ಸಂಕಷ್ಟಿಯ ಮಾರನೇ ದಿನವೇ ಪ್ರತಿ ಸಲ ಬರುತ್ತಿದ್ದರೆ ಅದಕ್ಕೆ ಸ್ಕ್ಯಾನ್ ಬೇಡ. ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆ ಒಯ್ಯಿರಿ. ಹೋದ ಕೂಡಲೇ "ಸೈನಸ್ ಇದೆ" ಎಂದು ಶುರು ಮಾಡಬೇಡಿ.

ಕೆಲವು ತಲೆನೋವಿಗೆ ಕ್ಯಾಲೆಂಡರ್ ಕಾಯುವ ಹೊತ್ತಿಲ್ಲ. ಸಿಡಿಲು ಹೊಡೆದಂತೆ ಒಮ್ಮೆಲೇ ಬಂದದ್ದು, ಕೈಕಾಲು ಅಥವಾ ಮಾತು ಬಿದ್ದದ್ದು, ಕುತ್ತಿಗೆ ಬಿಗಿದು ಜ್ವರ ಇರುವುದು, ತಲೆಗೆ ಪೆಟ್ಟಾದ ಮೇಲಿನದ್ದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದದ್ದು. ಇವಕ್ಕೆ ತಡಮಾಡದೆ ಆಸ್ಪತ್ರೆ.

ಮಲೆನಾಡಿನವರಿಗೆ ಇನ್ನೊಂದಿದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ. ಅದು ಶುರುವಾಗುವುದೇ ಒಮ್ಮೆಲೇ ಏರುವ ಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ನೋವಿನಿಂದ. ಚಳಿಗಾಲ ಹಿಡಿದು ಮುಂದಿನ ಮಳೆ ಬರುವ ತನಕ ಇದರ ಕಾಲ. ಸೊಪ್ಪಿನಬೆಟ್ಟಕ್ಕೆ, ಅಂದರೆ ಸೊಪ್ಪು ತರುವ ಕಾಡಿಗೆ, ಹೋಗಿ ಬಂದವರಿಗೆ, ಉಣ್ಣೆ ಹುಳ (ಉಣುಗು) ಕಚ್ಚಿದವರಿಗೆ ಹೀಗಾದರೆ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಕೊಡಬೇಕು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಜ್ವರ, ಜೊತೆಗೆ ಜೋರು ತಲೆನೋವು ಬರುತ್ತದೆ. ಆಗ ಮೊದಲಿನ ಜ್ವರದ ಮಾತನ್ನೂ ಕಾಡಿಗೆ ಹೋಗಿದ್ದ ಮಾತನ್ನೂ ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ.