ದುರ್ಗದಲ್ಲೇಕೆ ಸಾಲಿಗ್ರಾಮ ಸಿಗುವುದಿಲ್ಲ?

ದಾವಣಗೆರೆಯ ನಮ್ಮ ಅತ್ತೆ ಮನೆಯ ದೇವರ ಮಂಟಪದಲ್ಲಿ ಸಮುದ್ರದಿಂದ ಬಂದ ಎರಡು ವಸ್ತುಗಳಿವೆ. ಒಂದು ಶಂಖ, ಇನ್ನೊಂದು ಸಾಲಿಗ್ರಾಮ. ಶಂಖ ಸಮುದ್ರದ್ದು ಅಂತ ಎಲ್ಲರಿಗೂ ಗೊತ್ತು. ಸಾಲಿಗ್ರಾಮವೂ ಸಮುದ್ರದ್ದೇ ಅಂದಾಗ ಅತ್ತೆ ನಂಬಲಿಲ್ಲ. "ಅದು ಗಂಡಕಿ ನದೀದು, ನಿನಗೇನು ಗೊತ್ತು" ಅಂದರು.

ಅವರು ಹೇಳಿದ್ದೂ ಸರಿ. ಸಾಲಿಗ್ರಾಮ ಸಿಗುವುದು ನೇಪಾಳದ ಗಂಡಕಿಯಲ್ಲೇ. ಆದರೆ ಆ ಕಪ್ಪು ಕಲ್ಲಿನ ಒಳಗೆ ಸುರುಳಿ ಸುತ್ತಿಕೊಂಡ 'ಚಕ್ರ' ಇರುತ್ತಲ್ಲ, ಅದು ಅಮೋನೈಟ್ ಅನ್ನುವ ಪ್ರಾಣಿಯ ಚಿಪ್ಪಿನ ಗುರುತು. ಬೆರಳಾಡಿಸಿದರೆ ಸುರುಳಿಯ ಮೇಲೆ ಸಣ್ಣ ಸಣ್ಣ ಏಣುಗಳು ಸಿಗುತ್ತವೆ. ಚಿಪ್ಪಿನ ಒಳಗೆ ಸಾಲಾಗಿ ಕೋಣೆಗಳಿದ್ದವು. ಪ್ರಾಣಿ ಇರುತ್ತಿದ್ದುದು ಕೊನೆಯ ಕೋಣೆಯಲ್ಲಿ ಮಾತ್ರ, ಹಿಂದಿನವೆಲ್ಲ ನೀರಲ್ಲಿ ತೇಲೋಕೆ. ಆಕ್ಟೋಪಸ್‌ನ ದೂರದ ನೆಂಟ ಅನ್ನಿ. ಸುಮಾರು 15 ಕೋಟಿ ವರ್ಷದ ಹಿಂದೆ, ಈಗ ಹಿಮಾಲಯ ಇರುವ ಜಾಗದಲ್ಲಿ ಟೆಥಿಸ್ ಅನ್ನುವ ಸಮುದ್ರವಿತ್ತು. ಇವು ಅಲ್ಲಿ ಈಜಾಡಿಕೊಂಡಿದ್ದವು, ಸತ್ತು ತಳದ ಕೆಸರಿಗೆ ಬಿದ್ದವು. ಆಮೇಲೆ ಭಾರತದ ನೆಲ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಗುದ್ದಿತು, ಕೆಸರು ಬೆಟ್ಟವಾಯಿತು, ಬೆಟ್ಟ ಕೊರೆದ ನದಿ ಕಲ್ಲನ್ನು ಉರುಳಿಸಿಕೊಂಡು ಬಂತು, ಕೊನೆಗೆ ಯಾರದೋ ಕೈ ಸೇರಿ ಅತ್ತೆಯ ಮಂಟಪಕ್ಕೆ ಬಂದು ಕೂತಿತು.

ಇಷ್ಟು ಕೇಳಿದ ಮೇಲೆ ಅತ್ತೆ ಹಾಕಿದ ಪ್ರಶ್ನೆ ನನ್ನನ್ನು ಸಿಕ್ಕಿಸಿತು. "ಅಲ್ಲಪ್ಪಾ, ನಮ್ಮ ದುರ್ಗದ ಕಡೆನೂ ಸಮುದ್ರ ಇತ್ತು ಅಂತಿದ್ದೆ ನೀನು. ಮತ್ತೆ ಇಲ್ಲಿ ಸಾಲಿಗ್ರಾಮ ಯಾಕೆ ಸಿಗಲ್ಲ?"

ಸಮುದ್ರ ಇದ್ದದ್ದು ನಿಜ. ಸಾಕ್ಷಿ ನೋಡಬೇಕಂದರೆ ಚಿತ್ರದುರ್ಗದಿಂದ ಹಿರಿಯೂರು ಕಡೆ ಹೊರಟು ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿ ಹಸಿರು ಮಿಶ್ರಿತ ಕಪ್ಪು ಬಂಡೆ, ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿಟ್ಟ ಹಾಗೆ ಕಾಣುತ್ತದೆ. ಸಮುದ್ರದ ತಳ ಬಿರಿದು ಲಾವಾರಸ ನೀರಿಗೆ ಉಕ್ಕಿದಾಗ ಈ ಆಕಾರ ಬರುತ್ತದೆ. ಮೆಣಸಿನಕಾಯಿ ಬಜ್ಜಿ ಎಣ್ಣೆಗೆ ಬಿಟ್ಟ ತಕ್ಷಣ ಮೇಲಿನ ಹಿಟ್ಟು ಗಟ್ಟಿಯಾಗಿ ಒಳಗೆ ಮೆತ್ತಗೇ ಉಳಿಯುತ್ತಲ್ಲ, ಹಾಗೆ. ಅಲ್ಲಿ ಎಣ್ಣೆ ಕಾದಿರುತ್ತದೆ, ಇಲ್ಲಿ ಹಿಟ್ಟೇ ಕಾದದ್ದು, ಅಷ್ಟೇ ವ್ಯತ್ಯಾಸ. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಆದರೂ ದುರ್ಗಕ್ಕೆ ಬಂದವರು ಕೋಟೆ ಹತ್ತಿ, ಓಬವ್ವನ ಕಿಂಡಿ ನೋಡಿ ಹಾಗೇ ಹೊರಟುಬಿಡುತ್ತಾರೆ.

ಮರಡಿಹಳ್ಳಿ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಅತ್ತೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಚಿಪ್ಪು ಕಟ್ಟುವ ಪ್ರಾಣಿಗಳು ಭೂಮಿಗೆ ಬಂದದ್ದು 55 ಕೋಟಿ ವರ್ಷದ ಆಸುಪಾಸಿನಲ್ಲಿ. ದುರ್ಗದ ಸಮುದ್ರ ಬರಿದಾಗಿ ಅದೆಷ್ಟೋ ಕಾಲ ಆದ ಮೇಲೆ. ಆ ಸಮುದ್ರದಲ್ಲಿ ಮೀನಿಲ್ಲ, ಏಡಿಯಿಲ್ಲ, ಶಂಖವಿಲ್ಲ.

ಹಾಗಂತ ಜೀವವೇ ಇರಲಿಲ್ಲ ಅಂತಲ್ಲ. ದುರ್ಗದ ಸುತ್ತಿನ ಹಳೇ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟ್‌ಗಳು ಸಿಕ್ಕಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಪಾಚಿಯ ಹಾಗೆ ಲೋಳೆ ಹಾಸಿಕೊಳ್ಳುತ್ತಿದ್ದವು. ಅದಕ್ಕೆ ಮಣ್ಣು, ಸುಣ್ಣ ಅಂಟುತ್ತಿತ್ತು. ಬೆಳಕು ಬೇಕಲ್ಲ, ಮತ್ತೆ ಅದರ ಮೇಲೊಂದು ಹಾಸು. ಹೀಗೆ ಪದರದ ಮೇಲೆ ಪದರ ಬೆಳೆದು ಕಲ್ಲಾದ ಗುಪ್ಪೆಗಳು ಅವು. ಇಂಥ ಜೀವಿಗಳೇ ಬಿಸಿಲು ತಿಂದು ಆಮ್ಲಜನಕ ಬಿಟ್ಟು ಮುಂದೆ ಭೂಮಿಯ ಗಾಳಿಯನ್ನೇ ಬದಲಿಸಿದವು. ನನ್ನ ಕೇಳಿದರೆ ಸಾಲಿಗ್ರಾಮಕ್ಕಿಂತ ಇದಕ್ಕೇ ಜಾಸ್ತಿ ಮಂಗಳಾರತಿ ಆಗಬೇಕು.

ಆದರೆ ಹಳೇ ಸಮುದ್ರ ಎಷ್ಟು ಬೆಚ್ಚಗಿತ್ತು ಅಂತ ಅಳೆಯೋಕೆ ಚಿಪ್ಪೇ ವಾಸಿ. ಅದರಲ್ಲೂ ಫೊರಾಮಿನಿಫೆರಾ ಅನ್ನುವ ಒಂದೇ ಕೋಶದ ಜೀವಿಗಳ ಚಿಪ್ಪು. ಹೆಚ್ಚಿನವು ಚಿರೋಟಿ ರವೆಯ ಕಾಳಿನಷ್ಟು, ಇನ್ನೂ ಸಣ್ಣವೂ ಇವೆ. ಸತ್ತಾಗ ಚಿಪ್ಪು ತಳಕ್ಕೆ ಇಳಿದು ಕೆಸರಾಗುತ್ತದೆ. ನೀರಿನಲ್ಲಿ ಆಮ್ಲಜನಕ ಮುಖ್ಯವಾಗಿ ಎರಡು ತೂಕದಲ್ಲಿ ಇರುತ್ತದೆ, 16 ಮತ್ತು 18. ನೀರು ತಣ್ಣಗಿದ್ದಷ್ಟೂ ಚಿಪ್ಪಿಗೆ ಭಾರದ್ದು ಜಾಸ್ತಿ ಸೇರುತ್ತದೆ. ಮೇಲಾಗಿ ಹಗುರ ನೀರು ಬೇಗ ಆವಿಯಾಗಿ ಧ್ರುವದಲ್ಲಿ ಹಿಮವಾಗಿ ಕೂತುಬಿಟ್ಟರೆ, ಸಮುದ್ರದಲ್ಲಿ ಭಾರದ್ದರ ಪಾಲು ಏರುತ್ತದೆ. ಹೆರಾಲ್ಡ್ ಯೂರಿ 1947ರಲ್ಲಿ ಈ ದಾರಿ ತೋರಿಸಿದರು, ಸಿಸಾರೆ ಎಮಿಲಿಯಾನಿ 1955ರಲ್ಲಿ ಕೆಸರಿನ ಚಿಪ್ಪುಗಳಿಂದಲೇ ಹಿಮಯುಗಗಳು ಬಂದು ಹೋದ ಲೆಕ್ಕ ಹಾಕಿದರು. ರವೆ ಕಾಳು ಥರ್ಮಾಮೀಟರ್ ಆಯಿತು.

ಆ ಥರ್ಮಾಮೀಟರಿನಲ್ಲಿ ಒಂದು ಜ್ವರ ಎದ್ದು ಕಾಣುತ್ತದೆ. 5.6 ಕೋಟಿ ವರ್ಷದ ಹಿಂದೆ ಭೂಮಿ ಐದಾರು ಡಿಗ್ರಿ ಬಿಸಿಯಾಯಿತು. ಗಾಳಿಗೆ, ನೀರಿಗೆ ವಿಪರೀತ ಇಂಗಾಲ ಸೇರಿದ್ದೇ ಕಾರಣ. ಆಳ ಸಮುದ್ರದ ತಳ ಕೊರೆದು ತೆಗೆದ ಕೆಸರಿನ ಕಂಬದಲ್ಲಿ ಇದು ಬರಿಗಣ್ಣಿಗೇ ಗೊತ್ತಾಗುತ್ತದೆ. ಕೆಳಗಿನಿಂದ ಬೆಳ್ಳಗೆ, ಚಿಪ್ಪು ತುಂಬಿದ ಕೆಸರು ಬರುತ್ತಾ ಇರುತ್ತದೆ, ಇದ್ದಕ್ಕಿದ್ದಂತೆ ಕೆಂಪು ಕಂದು ಜೇಡಿಮಣ್ಣು. ಚಿಪ್ಪೆಲ್ಲ ಕರಗಿಹೋಗಿದೆ! ಆಳದಲ್ಲಿದ್ದ ಫೊರಾಮಿನಿಫೆರಾ ಜಾತಿಗಳಲ್ಲಿ ಮೂರರಲ್ಲೊಂದರಿಂದ ಅರ್ಧದಷ್ಟು ಅಳಿದವು. ಸಮುದ್ರ ಸುಧಾರಿಸಿಕೊಳ್ಳೋಕೆ ಲಕ್ಷ ವರ್ಷಕ್ಕೂ ಮೇಲೆ ಬೇಕಾಯಿತು.

"ಹವಾಮಾನ ಯಾವಾಗಲೂ ಬದಲಾಗ್ತಾನೇ ಇರುತ್ತೆ ಬಿಡ್ರೀ" ಅನ್ನುವವರಿಗೆ ನಾನು ಹೇಳುವುದು ಈ ಕೆಸರಿನ ಕಥೆಯನ್ನೇ. ಬದಲಾಗುತ್ತೆ, ಒಪ್ಪಿದೆ. ಆದರೆ ಅಷ್ಟು ಇಂಗಾಲ ಆಗ ಸೇರಿದ್ದು ಸಾವಿರಾರು ವರ್ಷಗಳಲ್ಲಿ. ಈಗ ನಾವು ಕಲ್ಲಿದ್ದಲು, ಎಣ್ಣೆ ಸುಟ್ಟು ವರ್ಷಕ್ಕೆ ಹೆಚ್ಚುಕಡಿಮೆ 1000 ಕೋಟಿ ಟನ್ ಇಂಗಾಲ ಬಿಡುತ್ತಿದ್ದೇವೆ, ಆಗಿನ ವೇಗಕ್ಕಿಂತ ಅಂದಾಜು ಹತ್ತು ಪಟ್ಟು. ಅದರಲ್ಲಿ ಕಾಲು ಭಾಗ ಸಮುದ್ರ ಹೀರುತ್ತದೆ, ಗೋಲಿ ಸೋಡಾಕ್ಕೆ ಗ್ಯಾಸ್ ತುಂಬಿದ ಹಾಗೆ ನೀರು ಹುಳಿಯ ಕಡೆ ವಾಲುತ್ತದೆ. ಕಾರ್ಖಾನೆಗಳ ಕಾಲ ಶುರುವಾದಾಗಿನಿಂದ ಸಮುದ್ರದ ಆಮ್ಲತೆ ಶೇ. 30ರಷ್ಟು ಏರಿದೆ.

ಹುಳಿ ಚಿಪ್ಪಿಗೆ ಏನು ಮಾಡುತ್ತೆ ಅಂತ ನನಗೆ ಹತ್ತು ವರ್ಷಕ್ಕೇ ಗೊತ್ತಿತ್ತು. ರಜೆಯಲ್ಲಿ ಅತ್ತೆ ಮನೆಗೆ ಹೋದಾಗ, ಹಿತ್ತಾಳೆ ದೀಪದ ಜೊತೆ ಶಂಖವೂ ಫಳಫಳ ಆಗಲಿ ಅಂತ ಅದಕ್ಕೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ ಬಿಸಿಲಿಗಿಟ್ಟಿದ್ದೆ. ಸಣ್ಣಗೆ ಗುಳ್ಳೆ ಎದ್ದವು. ಚೆನ್ನಾಗಿ ಕೊಳೆ ಹೋಗ್ತಿದೆ ಅಂತ ಖುಷಿಯಾಗಿ ಇನ್ನರ್ಧ ಹೋಳೂ ಹಿಂಡಿದೆ. ತೊಳೆದು ನೋಡಿದರೆ ಹೊಳಪು ಹೋಗಿ ಸೀಮೆಸುಣ್ಣದ ಹಾಗೆ ಆಗಿತ್ತು. ಅತ್ತೆ ಬೈಯಲಿಲ್ಲ. ಈಗಲೂ ಪೂಜೆಗೆ ಇಡುವಾಗ ಆ ಮಗ್ಗುಲನ್ನು ಗೋಡೆ ಕಡೆ ತಿರುಗಿಸಿ ಇಡುತ್ತಾರೆ.