ತ್ರಿತ್ವವನ್ನು ಒಪ್ಪದವರು ಕ್ರೈಸ್ತರೇ? ಒಂದು ಪ್ರಶ್ನೆ ಬೆಳೆದುಬಂದ ದಾರಿ

ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳಾಗಿದ್ದಾನೆ ಎಂಬ ಬೋಧನೆಯನ್ನು ಒಪ್ಪದವರನ್ನು ಕ್ರೈಸ್ತರೆನ್ನಬಹುದೇ ಎಂಬ ವಾದ ಸಾಮಾನ್ಯವಾಗಿ ಬೈಬಲಿನ ವಚನಗಳಿಂದ ಆರಂಭವಾಗಿ ಅದೇ ವಚನಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಒಂದು ಕಡೆಯವರು ಯೋಹಾನನ ಸುವಾರ್ತೆಯ "ನಾನೂ ತಂದೆಯೂ ಒಂದಾಗಿದ್ದೇವೆ" ಎಂಬ ಮಾತನ್ನು ಮುಂದಿಟ್ಟರೆ, ಇನ್ನೊಂದು ಕಡೆಯವರು ಅದೇ ಸುವಾರ್ತೆಯಿಂದ "ತಂದೆಯು ನನಗಿಂತ ದೊಡ್ಡವನು" ಎಂಬ ಮಾತನ್ನು ಎತ್ತಿಕೊಳ್ಳುತ್ತಾರೆ. ತ್ರಿತ್ವ ಎಂಬ ಈ ಬೋಧನೆಯನ್ನು ಒಪ್ಪದ ಯೆಹೋವನ ಸಾಕ್ಷಿಗಳು, ಮಾರ್ಮನ್ನರು, ಏಕತ್ವವಾದಿ ಪೆಂಟೆಕೋಸ್ಟಲರು ತಮ್ಮನ್ನು ಕ್ರೈಸ್ತರೆಂದೇ ಕರೆದುಕೊಳ್ಳುತ್ತಾರೆ. ಕಥೋಲಿಕ, ಆರ್ಥಡಾಕ್ಸ್ ಮತ್ತು ಬಹುಪಾಲು ಪ್ರಾಟೆಸ್ಟಂಟ್ ಸಭೆಗಳು ತ್ರಿತ್ವವನ್ನು ಕ್ರೈಸ್ತ ವಿಶ್ವಾಸದ ತಿರುಳೆಂದು ಬೋಧಿಸುತ್ತವೆ. ಯಾರ ವ್ಯಾಖ್ಯಾನ ಸರಿ ಎಂಬುದಕ್ಕಿಂತ ಮೊದಲು, ಯಾವ ಕಾಲದಲ್ಲಿ ಯಾರನ್ನು ನಿಲ್ಲಿಸಿ ಈ ಪ್ರಶ್ನೆಯನ್ನು ಕೇಳಲಾಯಿತು ಎಂಬುದನ್ನು ನೋಡಿದರೆ ಗೋಜಲು ಸ್ವಲ್ಪ ಸಡಿಲವಾಗುತ್ತದೆ.

ಮೊದಲು ಕೇಳಲಾದದ್ದು ದೀಕ್ಷಾಸ್ನಾನಕ್ಕಾಗಿ ನೀರಿಗಿಳಿದವರನ್ನು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿರಿ ಎಂಬ ಆಜ್ಞೆ ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ಅಪೊಸ್ತಲರ ಕೃತ್ಯಗಳಲ್ಲಿ ಮಾತ್ರ ಜನರು ಯೇಸು ಕ್ರಿಸ್ತನ ಹೆಸರಿನಲ್ಲಿ ದೀಕ್ಷೆ ಪಡೆಯುತ್ತಾರೆ. ಈ ವ್ಯತ್ಯಾಸ ಮುಂದೆ ದೊಡ್ಡ ಬಿರುಕಿಗೆ ಕಾರಣವಾಯಿತು. ಆರಂಭದ ಶತಮಾನಗಳ ದೀಕ್ಷಾಕ್ರಮದಲ್ಲಿ ಮೂರು ಪ್ರಶ್ನೆಗಳಿದ್ದವು: ತಂದೆಯನ್ನು ನಂಬುತ್ತೀಯಾ, ಮಗನಾದ ಯೇಸುವನ್ನು ನಂಬುತ್ತೀಯಾ, ಪವಿತ್ರಾತ್ಮನನ್ನು ನಂಬುತ್ತೀಯಾ. ಪ್ರತಿಯೊಂದಕ್ಕೂ "ನಂಬುತ್ತೇನೆ" ಎಂದು ಉತ್ತರಿಸಿ ನೀರಿನಲ್ಲಿ ಮುಳುಗಬೇಕಾಗಿತ್ತು. ಮೂವರಿಗೂ ಪರಸ್ಪರ ಇರುವ ಸಂಬಂಧವೇನೆಂದು ಅಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲ. ಮೂರು ಹೆಸರುಗಳು ಆರಾಧನೆಯೊಳಗೆ ಬಂದದ್ದು ಮೊದಲು, ಸಿದ್ಧಾಂತ ಬಂದದ್ದು ಅನಂತರ ಎಂಬುದನ್ನು ಇಬ್ಬದಿಯ ವಾದಿಗಳೂ ಮರೆಯುತ್ತಾರೆ.

"ತ್ರಿತ್ವ" ಎಂಬ ಪದ ಬೈಬಲಿನಲ್ಲಿಲ್ಲ. ಸುಮಾರು 180ರಲ್ಲಿ ಅಂತಿಯೋಕ್ಯದ ಥಿಯೊಫಿಲಸ್ ಗ್ರೀಕಿನಲ್ಲಿ ದೇವರು, ಆತನ ವಾಕ್ಯ, ಆತನ ಜ್ಞಾನ ಎಂಬ ತ್ರಯದ ಮಾತನ್ನಾಡಿದ. ಕೆಲವು ದಶಕಗಳ ನಂತರ ಕಾರ್ಥೇಜಿನ ಟೆರ್ಟುಲಿಯನ್ ಮೂವರು ವ್ಯಕ್ತಿಗಳು, ಒಂದೇ ಸತ್ವ ಎಂಬ ಲ್ಯಾಟಿನ್ ಪರಿಭಾಷೆಯನ್ನು ಕೊಟ್ಟ. ಅದೇ ಕಾಲದಲ್ಲಿ, ಒಬ್ಬನೇ ದೇವರು ಮೂರು ರೂಪಗಳಲ್ಲಿ ಕಾಣಿಸಿಕೊಂಡನೆಂಬ ಬೋಧನೆ ಸಬೆಲ್ಲಿಯಸ್ ಎಂಬ ಬೋಧಕನ ಹೆಸರಿಗೆ ಅಂಟಿಕೊಂಡಿತು.

ನಾಲ್ಕನೆಯ ಶತಮಾನದಲ್ಲಿ ಪ್ರಶ್ನೆ ನೀರಿನ ಬಳಿಯಿಂದ ಬಿಷಪರ ಸಭಾಂಗಣಕ್ಕೆ ಸ್ಥಳಾಂತರಗೊಂಡಿತು. ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್, ಮಗನು ತಂದೆಯಿಂದ ಉಂಟಾದವನು, ಆದ್ದರಿಂದ ಆತನು ಇಲ್ಲದಿದ್ದ ಒಂದು ಸಂದರ್ಭವಿತ್ತು ಎಂದು ಬೋಧಿಸಿದ. ಏರಿಯಸನೂ ಯೇಸುವನ್ನು ಆರಾಧಿಸುತ್ತಿದ್ದನು, ಆತನ ಕಳವಳ ದೇವರ ಏಕತೆಯ ಬಗ್ಗೆ ಇತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಸಭೆ ಕರೆದಾಗ, ಮಗನು ತಂದೆಯೊಂದಿಗೆ "ಹೊಮೊಊಸಿಯೋಸ್", ಅಂದರೆ ಏಕಸತ್ವನು, ಎಂಬ ಪದವನ್ನು ವಿಶ್ವಾಸಪ್ರಮಾಣಕ್ಕೆ, ಅಂದರೆ ನಂಬಿಕೆಯನ್ನು ಸಾರುವ ಅಧಿಕೃತ ಹೇಳಿಕೆಗೆ, ಸೇರಿಸಲಾಯಿತು. ಪವಿತ್ರಾತ್ಮನ ಬಗ್ಗೆ ಆ ಪಠ್ಯದಲ್ಲಿ "ಪವಿತ್ರಾತ್ಮನನ್ನೂ ನಂಬುತ್ತೇವೆ" ಎಂಬುದಕ್ಕಿಂತ ಹೆಚ್ಚೇನೂ ಇರಲಿಲ್ಲ. ಸಹಿ ಹಾಕಬೇಕಾದವರು ಬಿಷಪರು ಮಾತ್ರ. ಕೈಸರೈಯದ ಯುಸೀಬಿಯಸ್ ಹಿಂಜರಿದು ಸಹಿ ಹಾಕಿ, ತಾನು ಹಾಗೇಕೆ ಮಾಡಿದೆನೆಂದು ತನ್ನ ಸಭೆಯ ಜನರಿಗೆ ವಿವರವಾದ ಪತ್ರವೊಂದನ್ನು ಬರೆಯಬೇಕಾಯಿತು.

ನೈಸಿಯಾದೊಂದಿಗೆ ವಿವಾದ ಮುಗಿಯಿತೆಂಬ ತಿಳಿವಳಿಕೆ ವ್ಯಾಪಕವಾಗಿದೆ, ಆದರೆ ಮುಂದಿನ ಐವತ್ತಾರು ವರ್ಷಗಳು ಅದಕ್ಕಿಂತ ಹೆಚ್ಚು ಪ್ರಕ್ಷುಬ್ಧವಾಗಿದ್ದವು. 337ರಲ್ಲಿ ಮರಣಶಯ್ಯೆಯಲ್ಲಿದ್ದ ಕಾನ್‌ಸ್ಟಂಟೈನನಿಗೆ ದೀಕ್ಷಾಸ್ನಾನ ಕೊಟ್ಟವನು ಏರಿಯಸನ ಪರವಾಗಿದ್ದ ಬಿಷಪ್, ನಿಕೊಮೀಡಿಯದ ಯುಸೀಬಿಯಸ್. ನೈಸಿಯಾದ ಪ್ರಬಲ ಸಮರ್ಥಕ ಅಥನಾಸಿಯಸ್ ಐದು ಬಾರಿ ಗಡೀಪಾರಾದ. 357ರಲ್ಲಿ ಸಿರ್ಮಿಯಂನಲ್ಲಿ ಹೊರಟ ಒಂದು ಹೇಳಿಕೆ, ಬೈಬಲಿನಲ್ಲಿಲ್ಲದ ಸತ್ವ ಎಂಬ ಪದವನ್ನೇ ಬಳಸಬಾರದೆಂದು ವಿಧಿಸಿತು. ಏಕಸತ್ವ ಎನ್ನುವವರಿಗೂ ಸದೃಶಸತ್ವ ಎನ್ನುವವರಿಗೂ ಗ್ರೀಕಿನಲ್ಲಿ ಇದ್ದ ಅಂತರ ಒಂದೇ ಅಕ್ಷರದ್ದು. ನಂತರದ ಶತಮಾನಗಳಲ್ಲಿ ಈ ಅಕ್ಷರವನ್ನು ಹಾಸ್ಯಕ್ಕೆ ಬಳಸಿದವರಿದ್ದಾರೆ, ಆದರೆ ಮನುಷ್ಯನನ್ನು ರಕ್ಷಿಸಲು ಬಂದವನು ದೇವರೇ ಅಥವಾ ದೇವರು ಕಳುಹಿಸಿದ ಉನ್ನತ ಸೃಷ್ಟಿಯೇ ಎಂಬುದು ಚಿಕ್ಕ ಪ್ರಶ್ನೆಯಲ್ಲ.

ಈ ಅವಧಿಯಲ್ಲಿ ನಡೆದ ಒಂದು ಸಭೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನನಗೆ ಅನಿಸುತ್ತದೆ. 362ರಲ್ಲಿ ಗಡೀಪಾರಿನಿಂದ ಮರಳಿದ ಅಥನಾಸಿಯಸ್ ಅಲೆಕ್ಸಾಂಡ್ರಿಯದಲ್ಲಿ ಕೆಲವೇ ಬಿಷಪರನ್ನು ಸೇರಿಸಿದ. ದೇವರಲ್ಲಿ ಮೂರು "ಹೈಪೊಸ್ಟೇಸಿಸ್" (ಸತ್ವ ಎಂದೂ ವ್ಯಕ್ತಿ ಎಂದೂ ಅರ್ಥ ಮಾಡಬಹುದಾಗಿದ್ದ ಗ್ರೀಕ್ ಪದ) ಎನ್ನುವ ಒಂದು ಗುಂಪು, ಒಂದೇ "ಹೈಪೊಸ್ಟೇಸಿಸ್" ಎನ್ನುವ ಇನ್ನೊಂದು ಗುಂಪು ಪರಸ್ಪರರನ್ನು ಪಾಷಂಡಿಗಳೆಂದು ಕರೆಯುತ್ತಿದ್ದವು. ಸಭೆ ಎರಡೂ ಗುಂಪುಗಳನ್ನು ಕರೆದು, ಈ ಮಾತಿನಿಂದ ನಿಮ್ಮ ಅಭಿಪ್ರಾಯವೇನು ಎಂದು ಕೇಳಿತು. ಮೂರು ಎಂದವರು ಮೂರು ದೇವರುಗಳೆಂಬ ಅರ್ಥದಲ್ಲಿ ಹೇಳಿರಲಿಲ್ಲ. ಒಂದು ಎಂದವರು ಮಗನನ್ನೂ ಆತ್ಮನನ್ನೂ ಅಳಿಸಿಹಾಕುವ ಉದ್ದೇಶದಿಂದ ಹೇಳಿರಲಿಲ್ಲ. ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ಒಪ್ಪಿಕೊಂಡರು. ಪದವನ್ನು ತೂಗುವ ಮುನ್ನ ಅದರ ಅರ್ಥವನ್ನು ಆಡಿದವರಿಂದಲೇ ಕೇಳಿ ತಿಳಿಯುವ ಈ ವಿಧಾನವನ್ನು ಮುಂದಿನ ಸಭೆಗಳು ಹೆಚ್ಚು ಅನುಸರಿಸಿದ್ದರೆ ಎಷ್ಟೋ ನೋವು ತಪ್ಪುತ್ತಿತ್ತು. ಬಿಷಪರಾದ ಬೇಸಿಲ್, ನೀಸಾದ ಗ್ರೆಗರಿ ಮತ್ತು ನಾಜಿಯಾಂಜಸದ ಗ್ರೆಗರಿ ಒಂದು ಸತ್ವ, ಮೂರು ಹೈಪೊಸ್ಟೇಸಿಸ್ ಎಂಬ ಸೂತ್ರವನ್ನು ನೆಲೆಗೊಳಿಸಿದ್ದು ಇದರ ಬೆನ್ನಲ್ಲೇ. ಆ ವೇಳೆಗೆ ವಿವಾದ ಬೀದಿಗೂ ಇಳಿದಿತ್ತು: ಕಾನ್‌ಸ್ಟಾಂಟಿನೋಪಲಿನಲ್ಲಿ ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು, ಮಗ ಅಧೀನನು ಎಂಬ ಉತ್ತರ ಸಿಗುತ್ತದೆಂದು ನೀಸಾದ ಗ್ರೆಗರಿ ದೂರಿದ್ದಾನೆ.

380ರ ಫೆಬ್ರವರಿ 27ರಂದು ಥೆಸಲೊನಿಕದಿಂದ ಹೊರಟ ರಾಜಶಾಸನ ಪ್ರಶ್ನೆಯ ಸ್ವರೂಪವನ್ನೇ ಬದಲಿಸಿತು. ತಂದೆ, ಮಗ, ಪವಿತ್ರಾತ್ಮರ ಒಂದೇ ದೈವತ್ವವನ್ನು ಸಮಾನ ಮಹಿಮೆಯಲ್ಲಿ ನಂಬುವವರು ಮಾತ್ರ ಕಥೋಲಿಕ ಕ್ರೈಸ್ತರೆಂಬ ಹೆಸರನ್ನು ಧರಿಸಬೇಕು, ಉಳಿದವರು ಪಾಷಂಡಿಗಳು ಮತ್ತು ದಂಡನೆಗೆ ಅರ್ಹರು ಎಂದು ಅದು ಸಾರಿತು. ಮರುವರ್ಷ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಸಭೆಯ ಹೆಸರಿಗೆ ಇಂದು ಚರ್ಚುಗಳಲ್ಲಿ ಪಠಿಸುವ ವಿಶ್ವಾಸಪ್ರಮಾಣ ಸೇರಿಕೊಂಡಿದೆ. ಬಿಷಪರಿಗೆ ಹಾಕಿದ್ದ ಪ್ರಶ್ನೆ ಈಗ ಪ್ರಜೆಗಳೆಲ್ಲರಿಗೂ ಅನ್ವಯವಾಯಿತು, ಉತ್ತರ ತಪ್ಪಿದರೆ ಹೋಗುವುದು ಪದವಿಯಷ್ಟೇ ಆಗಿರಲಿಲ್ಲ.

ಆದರೂ ದೀಕ್ಷಾಸ್ನಾನದ ವಿಷಯದಲ್ಲಿ ಧರ್ಮಸಭೆ ಶಾಸನದಷ್ಟು ಕಠಿಣವಾಗಿರಲಿಲ್ಲ. ಅದೇ ಸಭೆಯ ಹೆಸರಿನಲ್ಲಿ ಉಳಿದುಬಂದಿರುವ ಒಂದು ನಿಯಮದ ಪ್ರಕಾರ, ಹಿಂದಿರುಗಿ ಬರುವ ಏರಿಯಸ್ ಪಂಥೀಯರಿಗೆ ಮತ್ತೆ ದೀಕ್ಷೆ ಕೊಡಬೇಕಾಗಿಲ್ಲ, ಪವಿತ್ರ ತೈಲವನ್ನು ಹಚ್ಚಿದರೆ ಸಾಕು. ತಪ್ಪು ನಂಬಿಕೆಯವರೆಂದು ಖಂಡಿಸಿದ ಜನರ ದೀಕ್ಷೆಯನ್ನು ಕ್ರೈಸ್ತ ದೀಕ್ಷೆಯೆಂದೇ ಎಣಿಸಲಾಯಿತು. ಮುಂದೆ ಏರಿಯಸನ ಪಂಥ ಗೋಥ್ ಮತ್ತು ವ್ಯಾಂಡಲ್ ಜನಾಂಗಗಳಲ್ಲಿ ಬಹುಕಾಲ ಬಾಳಿ, 589ರಲ್ಲಿ ಸ್ಪೇನಿನ ಟೊಲೆಡೊ ಸಭೆಯ ನಂತರ ಕ್ಷೀಣಿಸಿತು. ರಕ್ಷಣೆ ಬೇಕಾದವನು ಎಲ್ಲಕ್ಕಿಂತ ಮೊದಲು ಈ ವಿಶ್ವಾಸವನ್ನು ಹಿಡಿಯಬೇಕೆಂದು ಸಾರುವ, ಅಥನಾಸಿಯಸನ ಹೆಸರಿದ್ದರೂ ಅವನದಲ್ಲದ ಲ್ಯಾಟಿನ್ ಪ್ರಮಾಣ ಮಧ್ಯಯುಗದುದ್ದಕ್ಕೂ ಪಶ್ಚಿಮದ ಅಳತೆಗೋಲಾಯಿತು.

ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ ಬೈಬಲನ್ನು ಹೊಸದಾಗಿ ಓದಿದ ಕೆಲವರು ಮತ್ತೆ ಹಳೆಯ ಪ್ರಶ್ನೆಗೆ ಬಂದು ನಿಂತರು. ತ್ರಿತ್ವವನ್ನು ನಿರಾಕರಿಸಿದ ಸ್ಪೇನಿನ ವೈದ್ಯ ಮೈಕೆಲ್ ಸರ್ವೇಟಸನನ್ನು 1553ರ ಅಕ್ಟೋಬರ್ 27ರಂದು ಜಿನೀವಾದಲ್ಲಿ ಸುಡಲಾಯಿತು. ಆತ ಕೊನೆಯಲ್ಲಿ "ನಿತ್ಯನಾದ ದೇವರ ಮಗನಾದ ಯೇಸುವೇ, ಕರುಣಿಸು" ಎಂದು ಕೂಗಿದನೆಂದು ವರದಿಗಳು ಹೇಳುತ್ತವೆ. "ದೇವರ ನಿತ್ಯ ಮಗನೇ" ಎಂದಿದ್ದರೆ ಅದು ತ್ರಿತ್ವದ ಅಂಗೀಕಾರವಾಗುತ್ತಿತ್ತು. ಯೇಸುವನ್ನು ಕರೆಯುತ್ತ ಸತ್ತವನ ಬಾಯಿಂದ ಒಂದು ವಿಶೇಷಣ ಯಾವ ಪದಕ್ಕೆ ಮೊದಲು ಬಂತೆಂದು ಲೆಕ್ಕಹಾಕುವ ಸ್ಥಿತಿಗೆ ವಿಶ್ವಾಸ ಬಂದು ತಲುಪಿದ್ದು ದುಃಖದ ಸಂಗತಿ. ಪೋಲೆಂಡಿನ ತ್ರಿತ್ವವಿರೋಧಿ ಸಹೋದರರನ್ನು 1658ರಲ್ಲಿ ದೇಶದಿಂದ ಹೊರಹಾಕಲಾಯಿತು. ಟ್ರಾನ್ಸಿಲ್ವೇನಿಯದಲ್ಲಿ ಮಾತ್ರ ಅಂಥವರ ಸಭೆ ಉಳಿಯಿತು. ಇಂಗ್ಲೆಂಡಿನ 1689ರ ಸಹಿಷ್ಣುತಾ ಕಾಯ್ದೆ ತ್ರಿತ್ವವನ್ನು ನಿರಾಕರಿಸುವವರನ್ನು ಹೊರಗಿಟ್ಟಿತು, 1813ರವರೆಗೆ ಅವರಿಗೆ ಕಾನೂನಿನ ಭಯ ತಪ್ಪಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ರಾಜದಂಡ ಹಿಂದೆ ಸರಿದು, ಸಭೆಗಳು ತಮ್ಮ ತಮ್ಮ ಬಾಗಿಲುಗಳಲ್ಲಿ ಈ ಪ್ರಶ್ನೆಯನ್ನು ಕೇಳತೊಡಗಿದವು. ಅಮೆರಿಕದ ಪೆಂಟೆಕೋಸ್ಟಲರಲ್ಲಿ ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷೆ ಕೊಡಬೇಕೆಂದ ಏಕತ್ವವಾದಿಗಳು 1916ರಲ್ಲಿ ಅಸೆಂಬ್ಲೀಸ್ ಆಫ್ ಗಾಡ್ ಸಂಘಟನೆಯಿಂದ ಬೇರ್ಪಟ್ಟರು. 1948ರಲ್ಲಿ ಸ್ಥಾಪನೆಯಾದ ಜಾಗತಿಕ ಸಭೆಗಳ ಮಂಡಳಿ, ಯೇಸು ಕ್ರಿಸ್ತನನ್ನು ದೇವರೆಂದೂ ರಕ್ಷಕನೆಂದೂ ಒಪ್ಪುವುದನ್ನು ಸದಸ್ಯತ್ವದ ಆಧಾರವಾಗಿಟ್ಟು, 1961ರಲ್ಲಿ ತಂದೆ, ಮಗ, ಪವಿತ್ರಾತ್ಮನೆಂಬ ಏಕ ದೇವರ ಉಲ್ಲೇಖವನ್ನು ಸೇರಿಸಿತು. ಇಲ್ಲಿ ಕೇಳಿದ್ದು ಸಂಸ್ಥೆಗಳನ್ನು. ಸಂಸ್ಥೆಯೊಂದು ತನ್ನ ಬೋಧನೆಯನ್ನು ಸ್ಪಷ್ಟವಾಗಿ ಹೇಳುವುದು ಅದರ ಹಕ್ಕೂ ಹೌದು, ಕರ್ತವ್ಯವೂ ಹೌದು. ಒಬ್ಬ ವ್ಯಕ್ತಿಯಿಂದ ಹೆಸರನ್ನು ಹಿಂತೆಗೆದುಕೊಳ್ಳುವುದು ಬೇರೆಯೇ ಕ್ರಿಯೆ, ಆದರೆ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳುವ ಅಭ್ಯಾಸ ಇನ್ನೂ ಹೋಗಿಲ್ಲ.

2001ರ ಜೂನ್ 5ರಂದು ವ್ಯಾಟಿಕನ್, ಮಾರ್ಮನ್ನರ ದೀಕ್ಷಾಸ್ನಾನ ಸಿಂಧುವಲ್ಲವೆಂದು ಉತ್ತರಿಸಿತು. ಅವರೂ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲೇ ನೀರಿನಲ್ಲಿ ಮುಳುಗಿಸುತ್ತಾರೆ. ಆದರೆ ಆ ಮೂರು ಹೆಸರುಗಳಿಗೆ ಅವರು ಕೊಡುವ ಅರ್ಥ ತ್ರಿತ್ವದ ಅರ್ಥವಲ್ಲ ಎಂಬುದು ಕಾರಣ. ಅಂಥ ಒಬ್ಬರು ಇಂದು ಕಥೋಲಿಕ ಸಭೆಗೆ ಸೇರಬಯಸಿದರೆ ಹೊಸದಾಗಿ ದೀಕ್ಷೆ ಪಡೆಯಬೇಕು. ಆಗ ಅವರ ಮುಂದಿಡುವುದು ಅದೇ ಪ್ರಾಚೀನ ಮೂರು ಪ್ರಶ್ನೆಗಳನ್ನು; ಏಕಸತ್ವ ಎಂಬ ಪದ ಅವುಗಳಲ್ಲಿ ಈಗಲೂ ಇಲ್ಲ.